ಅಸ್ಥಿಪಂಜರದಿಂದ ಸತ್ತಾಗಿನ ವಯಸ್ಸು: ಫಜಿ ಲಾಜಿಕ್ ಲೆಕ್ಕಕ್ಕೆ ಸಮಗ್ರ ಮಾರ್ಗದರ್ಶಿ

ಸೊಂಟದ ಮೂಳೆಯ ಮುಂಭಾಗ ನೋಡಿದರೆ 23ರಿಂದ 57 ಅನ್ನುತ್ತದೆ. ಅದೇ ಮೂಳೆಯ ಹಿಂಭಾಗ 40ರಿಂದ 44 ಅನ್ನುತ್ತದೆ. ತಲೆಬುರುಡೆ 31ರಿಂದ 51 ಅನ್ನುತ್ತದೆ. ಇಲ್ಲಿಗೆ ಬಂದಾಗ ಹೆಚ್ಚಿನವರು ಮೂರರ ಸರಾಸರಿ ತೆಗೆದು ವರದಿ ಬರೆದುಬಿಡುತ್ತಾರೆ. ಇನ್ನು ಕೆಲವರು ಫಜಿ ಲಾಜಿಕ್ (ಹೌದು–ಇಲ್ಲ ಎಂಬ ಎರಡೇ ಉತ್ತರದ ಬದಲು 0 ಮತ್ತು 1ರ ನಡುವೆ ಬೆಲೆ ಕೊಡುವ ಲೆಕ್ಕ) ಕೈಗೆತ್ತಿಕೊಂಡು, ಅದರಲ್ಲಿ ಬರುವ ಲ್ಯಾಂಬ್ಡಾ ಎಂಬ ಸಂಖ್ಯೆಯ ಲೆಕ್ಕದಲ್ಲಿ ಸಿಕ್ಕಿಕೊಂಡು, ಕೊನೆಗೆ ಮತ್ತೆ ಸರಾಸರಿಗೇ ವಾಪಸ್ ಬರುತ್ತಾರೆ.

ನಿಜಕ್ಕೂ ಲೆಕ್ಕ ಅಷ್ಟು ಕಷ್ಟ ಇಲ್ಲ. ಎಡವಟ್ಟು ಆಗುವುದು ಲೆಕ್ಕಕ್ಕೆ ಮುಂಚೆ: ಹಂತಗಳ ಕ್ರಮ ತಪ್ಪಿರುತ್ತದೆ, ಬೇರೆ ಬೇರೆ ಜಾತಿಯ ವ್ಯಾಪ್ತಿಗಳು ಬೆರೆತಿರುತ್ತವೆ. ಇಲ್ಲಿ ಹೇಳುವುದು ಸುಗೆನೊ ಫಜಿ ಇಂಟಿಗ್ರಲ್ ಬಳಸುವ ದಾರಿ, ಅಂದರೆ ಹಲವು ವಿಧಾನಗಳ ಉತ್ತರವನ್ನು ಅವುಗಳ ತೂಕ ನೋಡಿ ಒಂದಾಗಿಸುವ ಲೆಕ್ಕ. ಒಂದೇ ಅಸ್ಥಿಪಂಜರದ ಹಲವು ಅಂದಾಜುಗಳನ್ನು ಹೀಗೆ ಸೇರಿಸಬಹುದು ಎಂದು ಅಮೆರಿಕದ ಆಂಡರ್ಸನ್, ಆಂಡರ್ಸನ್ ಮತ್ತು ವೆಸ್ಕಾಟ್ 2010ರಲ್ಲಿ ತೋರಿಸಿದರು. ದೊಡ್ಡ ಮಾದರಿಯ ಅಂಕಿಅಂಶ ಇಲ್ಲದಿದ್ದರೂ, ಕೈಯಲ್ಲಿ ಒಂದೇ ಅಸ್ಥಿಪಂಜರ ಇದ್ದರೂ ಈ ಲೆಕ್ಕ ಮಾಡಬಹುದು.

## ಬೇಕಾದ ಸಾಮಾನು

ಸ್ಲೈಡಿಂಗ್ ಕ್ಯಾಲಿಪರ್, ಕೈಲೆನ್ಸ್, ಮೃದು ಬ್ರಷ್, ಓರೆಯಾಗಿ ಬೆಳಕು ಬಿಡಬಹುದಾದ ಒಂದು ಲ್ಯಾಂಪ್. ಲ್ಯಾಂಪ್ ಬೇಕೇ ಬೇಕು. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಮೂಳೆಯ ಮೇಲಿನ ಏರುತಗ್ಗು ಕಾಣುವುದಿಲ್ಲ, ಹಾಗಾಗಿ ಮೂಳೆ ವಯಸ್ಸಿನ ಯಾವ ಹಂತದಲ್ಲಿದೆ ಎಂದು ಗುರುತಿಸುವಾಗ ತಪ್ಪಾಗುತ್ತದೆ.

ಪ್ಯೂಬಿಕ್ ಸಿಂಫಿಸಿಸ್‌ಗೆ (ಸೊಂಟದ ಮೂಳೆಯ ಎಡ–ಬಲ ಭಾಗಗಳು ಮುಂದೆ ಕೂಡುವ ಜಾಗ) ಸೂಚಿ–ಬ್ರೂಕ್ಸ್ ಕ್ಯಾಸ್ಟ್‌ಗಳು, ಅಂದರೆ ಆ ವಿಧಾನದ ಒಂದೊಂದು ಹಂತವನ್ನೂ ತೋರಿಸುವ ಅಚ್ಚುಗಳು, ಸಿಕ್ಕರೆ ಒಳ್ಳೆಯದು. ಫೋಟೊ ನೋಡಿ ಹೋಲಿಸುವುದಕ್ಕೂ ಕ್ಯಾಸ್ಟ್ ಕೈಯಲ್ಲಿ ಹಿಡಿದು ಹೋಲಿಸುವುದಕ್ಕೂ ತುಂಬಾ ವ್ಯತ್ಯಾಸವಿದೆ. ಲೆಕ್ಕಕ್ಕೆ ಎಕ್ಸೆಲ್ ಸಾಕು. ಪೈಥಾನ್ ಬಂದರೆ ಇನ್ನೂ ಸುಲಭ, ಆದರೆ ಫಜಿ ಲೈಬ್ರರಿಗಳನ್ನೆಲ್ಲ ಹಾಕಿಕೊಳ್ಳುವ ಅಗತ್ಯ ಇಲ್ಲ.

## ಹಂತ 1: ಒಬ್ಬರದ್ದೇ ಮೂಳೆಯಾ, ವಯಸ್ಕರದ್ದಾ?

ಮೊದಲು ಮೂಳೆಗಳನ್ನು ಜೋಡಿಸಿ. ಯಾವುದಾದರೂ ಮೂಳೆ ಎರಡೆರಡು ಇದೆಯಾ, ಎಡ–ಬಲ ಅಳತೆ ಹೊಂದುತ್ತದೆಯಾ ನೋಡಿ. ಇಬ್ಬರ ಮೂಳೆ ಬೆರೆತಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ.

ಈ ವಿಧಾನ ವಯಸ್ಕರಿಗೆ ಮಾತ್ರ. ಮಕ್ಕಳು ಮತ್ತು ಹದಿಹರೆಯದವರಾದರೆ ಹಲ್ಲಿನ ಬೆಳವಣಿಗೆ ಮತ್ತು ಮೂಳೆತುದಿ ಕೂಡುವುದನ್ನು ನೋಡಿಯೇ ಇದಕ್ಕಿಂತ ಚೆನ್ನಾಗಿ ಹೇಳಬಹುದು. ಕಾಲರ್‌ಬೋನಿನ ಒಳತುದಿಯನ್ನು ಮರೆಯದೆ ನೋಡಿ. ದೇಹದಲ್ಲಿ ಕೊನೆಗೆ ಕೂಡುವ ತುದಿಗಳಲ್ಲಿ ಅದೂ ಒಂದು. ಸಾಮಾನ್ಯವಾಗಿ ಇಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಪೂರ್ತಿ ಕೂಡಿರುತ್ತದೆ. ಅದು ಇನ್ನೂ ಕೂಡಿಲ್ಲ ಎಂದರೆ ತರುಣ ವಯಸ್ಸು. ಆಗ ತಲೆಬುರುಡೆ ಏನೇ ಹೇಳಲಿ, ಕಾಲರ್‌ಬೋನಿನ ಮಾತಿಗೇ ಹೆಚ್ಚು ಬೆಲೆ.

ಗಂಡೋ ಹೆಣ್ಣೋ ಅನ್ನುವುದೂ ಇಲ್ಲೇ ತೀರ್ಮಾನವಾಗಬೇಕು. ಸೂಚಿ–ಬ್ರೂಕ್ಸ್ ನಾಲ್ಕನೇ ಹಂತ ಗಂಡಸರಲ್ಲಿ 23ರಿಂದ 57, ಹೆಂಗಸರಲ್ಲಿ 26ರಿಂದ 70. ತಪ್ಪು ಪಟ್ಟಿ ನೋಡಿದರೆ ಮೇಲಿನ ತುದಿಯಲ್ಲೇ 13 ವರ್ಷದ ವ್ಯತ್ಯಾಸ. ಗಂಡು–ಹೆಣ್ಣು ಗೊತ್ತಾಗದಿದ್ದರೆ ಎರಡೂ ವ್ಯಾಪ್ತಿಯನ್ನು ಕೂಡಿಸಿ ಅಗಲವಾದದ್ದನ್ನೇ ಇಟ್ಟುಕೊಳ್ಳಿ.

## ಹಂತ 2: ಮೂಳೆಯ ಸ್ಥಿತಿಗೆ ಅಂಕ, ವಯಸ್ಸು ನೋಡುವ ಮೊದಲೇ

ಬಹಳ ಜನ ತಿರುಗುಮುರುಗು ಮಾಡುವ ಹಂತ ಇದು. ಮೊದಲು ವಯಸ್ಸಿನ ಹಂತ ಗುರುತಿಸುತ್ತಾರೆ, ಆಮೇಲೆ ಸ್ಥಿತಿ ಅಂಕ ಕೊಡುತ್ತಾರೆ. ಹಾಗೆ ಮಾಡಿದರೆ ಗೊತ್ತಿಲ್ಲದೇ ಒಂದು ಮೋಸ ನಡೆಯುತ್ತದೆ. ಮಿಕ್ಕವುಗಳ ಜೊತೆ ಹೊಂದದ ಮೂಳೆ ಸಿಕ್ಕಾಗ ‘ಇದು ಸ್ವಲ್ಪ ಸವೆದಿದೆ ಅಲ್ವಾ’ ಎಂದು ಅಂಕ ಇಳಿಸಿಬಿಡುತ್ತೇವೆ.

ಹಾಗಾಗಿ ಸ್ಥಿತಿ ಅಂಕವನ್ನು ಮೊದಲೇ ಬರೆದು ಬಿಡಿ. ಮಳೆ, ಬಿಸಿಲಿಗೆ ಮೂಳೆ ಸವೆಯುವುದನ್ನು ಅಳೆಯಲು ಬೆಹ್ರೆನ್ಸ್‌ಮೇಯರ್ 1978ರಲ್ಲಿ ಕೊಟ್ಟ 0ರಿಂದ 5ರವರೆಗಿನ ಶ್ರೇಣಿ ಇದೆ. 0 ಎಂದರೆ ಬಿರುಕಿಲ್ಲದ ಮೂಳೆ, 5 ಎಂದರೆ ಮುಟ್ಟಿದರೆ ಉದುರುವಂಥದ್ದು. ಅದನ್ನು ತಿರುಗಿಸಿ ಹೀಗೆ ಬರೆಯಿರಿ: 0ಕ್ಕೆ 1.0, 1ಕ್ಕೆ 0.8, 2ಕ್ಕೆ 0.6, 3ಕ್ಕೆ 0.4, 4ಕ್ಕೆ 0.2, 5ಕ್ಕೆ 0. ನಡುವಿನ ಸ್ಥಿತಿಗೆ 0.9, 0.7 ಕೊಡಬಹುದು.

ಅಂಕ ಕೊಡಬೇಕಾದ್ದು ಇಡೀ ಅಸ್ಥಿಪಂಜರಕ್ಕಲ್ಲ, ನೀವು ನೋಡಲಿರುವ ಆ ಜಾಗಕ್ಕೆ ಮಾತ್ರ. ತೊಡೆಮೂಳೆ ಹೊಳೆಯುತ್ತಿದ್ದರೂ ಸಿಂಫಿಸಿಸ್ ಅಂಚು ಮುರಿದಿರಬಹುದು. ಸುಟ್ಟ ಮೂಳೆಯಾದರೆ ಹುಷಾರು. ಶಾಖಕ್ಕೆ ಮೂಳೆ ಕುಗ್ಗುತ್ತದೆ, ಸೀಳುತ್ತದೆ. ಆ ಬಿರುಕು ವಯಸ್ಸಿನ ಲಕ್ಷಣದಂತೆ ಕಾಣಬಹುದು. ಸುಟ್ಟ ಮೈಗೆ ಅಂಕ ಕಡಿಮೆಯೇ ಇರಲಿ.

## ಹಂತ 3: ವಿಧಾನ ಆರಿಸಿ, ಒಂದೊಂದನ್ನೇ ನೋಡಿ

ಬಳಕೆಯಲ್ಲಿ ಇರುವವು ಇವು: ಪ್ಯೂಬಿಕ್ ಸಿಂಫಿಸಿಸ್‌ಗೆ ಸೂಚಿ–ಬ್ರೂಕ್ಸ್‌ನ 6 ಹಂತ, ಸೊಂಟದ ಮೂಳೆಯ ಹಿಂಭಾಗದ ಆರಿಕ್ಯುಲರ್ ಮೈಗೆ ಲವ್‌ಜಾಯ್ ಮತ್ತು ಸಂಗಡಿಗರ 8 ಹಂತ ಅಥವಾ ಬಕ್‌ಬೆರಿ–ಚೇಂಬರ್‌ಲೇನ್‌ರ 7 ಹಂತ, ನಾಲ್ಕನೇ ಪಕ್ಕೆಲುಬಿನ ಎದೆಯ ಕಡೆಯ ತುದಿಗೆ ಇಶ್ಜಾನ್–ಲೋತ್, ತಲೆಬುರುಡೆಯ ಹೊಲಿಗೆಗೆ (ಬುರುಡೆಯ ಮೂಳೆಗಳು ಕೂಡುವ ಗೆರೆ) ಮೈಂಡ್ಲ್–ಲವ್‌ಜಾಯ್, ಒಂದೇ ಬೇರಿನ ಹಲ್ಲಿಗೆ ಲಾಮೆಂಡಿನ್.

ಮೂರರಿಂದ ಐದು ಸಾಕು. ಜಾಸ್ತಿ ಸೇರಿಸಿದರೆ ಉತ್ತರ ಚೆನ್ನಾಗಿ ಬರುತ್ತದೆ ಎಂಬುದು ಭ್ರಮೆ. ಅದರಲ್ಲೂ ಒಂದೇ ಮೈಗೆ ಎರಡು ವಿಧಾನ ಹಾಕಲೇಬೇಡಿ. ಒಂದೇ ಸಿಂಫಿಸಿಸ್ ಅನ್ನು ಟಾಡ್ ಪಟ್ಟಿಯಲ್ಲೂ (ಅದೇ ಮೈಗೆ ಇರುವ ಇನ್ನೊಂದು ಪಟ್ಟಿ) ಸೂಚಿ–ಬ್ರೂಕ್ಸ್ ಪಟ್ಟಿಯಲ್ಲೂ ನೋಡಿ ಎರಡನ್ನೂ ಲೆಕ್ಕಕ್ಕೆ ಸೇರಿಸಿದರೆ, ಒಬ್ಬನೇ ಸಾಕ್ಷಿ ಅಂಗಿ ಬದಲಿಸಿ ಎರಡು ಸಲ ಕೋರ್ಟಿಗೆ ಬಂದ ಹಾಗೆ. ಅವನ ಮಾತಿಗೆ ಸುಮ್ನೆ ಎರಡು ಪಟ್ಟು ಬೆಲೆ ಬಂದುಬಿಡುತ್ತದೆ. ಇದನ್ನು ಹಿಡಿಯುವ ಶಕ್ತಿ ಫಜಿ ಲೆಕ್ಕಕ್ಕೆ ಇಲ್ಲ.

ನೋಡುವಾಗ ಒಂದು ಮೂಳೆಯ ಹಂತ ಬರೆದು, ಆ ಹಾಳೆ ಮಗುಚಿ, ಆಮೇಲೆ ಮುಂದಿನದಕ್ಕೆ ಹೋಗಿ. ಸಾಧ್ಯವಾದರೆ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ನೋಡಿ. ಎರಡು ಸಲವೂ ಬೇರೆ ಬೇರೆ ಹಂತ ಬಂದರೆ, ಎರಡೂ ಹಂತಗಳ ವ್ಯಾಪ್ತಿಯನ್ನು ಸೇರಿಸಿ ತೆಗೆದುಕೊಳ್ಳಿ.

## ಹಂತ 4: ಹಂತದಿಂದ ವಯಸ್ಸಿನ ವ್ಯಾಪ್ತಿಗೆ

ಉದಾಹರಣೆಗೆ ಒಬ್ಬ ಗಂಡಸಿನ ಅಸ್ಥಿಪಂಜರ ಎಂದುಕೊಳ್ಳಿ. ಸಿಂಫಿಸಿಸ್ ಸೂಚಿ–ಬ್ರೂಕ್ಸ್ ನಾಲ್ಕನೇ ಹಂತ: 23–57. ಆರಿಕ್ಯುಲರ್ ಮೈ ಲವ್‌ಜಾಯ್ ಐದನೇ ಹಂತ: 40–44. ತಲೆಬುರುಡೆಯ ಪಕ್ಕದ ಹೊಲಿಗೆಗಳು ಐದು ಜಾಗದಲ್ಲಿ ಎಷ್ಟು ಕೂಡಿವೆ ಎಂಬುದರ ಒಟ್ಟು ಅಂಕ 4: ಸರಾಸರಿ 41.1, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯ ಸುತ್ತ ಎಷ್ಟು ಚದುರಿದೆ ಎಂಬ ಅಳತೆ) 10, ಅಂದರೆ ಸುಮಾರು 31–51.

ಇಲ್ಲಿ ಏನೋ ಸರಿಯಿಲ್ಲ, ಗಮನಿಸಿದಿರಾ? ಮೊದಲನೆಯದು ನೂರರಲ್ಲಿ 95 ಜನರನ್ನು ಒಳಗೊಳ್ಳುವ ವ್ಯಾಪ್ತಿ. ಮೂರನೆಯದು ಒಂದು ಡೀವಿಯೇಷನ್‌ನಷ್ಟು ಮಾತ್ರ. ಎರಡನೆಯದು ಬರೀ ಐದು ವರ್ಷದ ಗೂಡು; ಅದರ ಹಿಂದೆ ಎಷ್ಟು ಏರುಪೇರು ಇದೆ ಎಂಬುದನ್ನು ಅದು ಹೇಳುವುದೇ ಇಲ್ಲ. ಬಹುಪಾಲು ಲೆಕ್ಕಗಳು ಹಾಳಾಗುವುದು ಇಲ್ಲೇ. ಕಿರಿದಾದ ವ್ಯಾಪ್ತಿ ಕೊಟ್ಟ ವಿಧಾನವೇ ಕೊನೆಗೆ ಶಿಖರವಾಗಿ ನಿಲ್ಲುತ್ತದೆ. ಆ ವಿಧಾನ ಹೆಚ್ಚು ನಿಖರ ಅಂತಲ್ಲ, ಅದರ ಪಟ್ಟಿ ಕಿರಿದು ಅಷ್ಟೇ.

ಈ ಮೂರನ್ನೇ ಬೇಕಂತಲೇ ಇಟ್ಟುಕೊಂಡು ಮುಂದೆ ಹೋಗೋಣ, ಅದರ ಪರಿಣಾಮ ಏನೆಂದು ಹಂತ 8ರಲ್ಲಿ ಕಾಣುತ್ತದೆ. ನಿಮ್ಮ ಕೆಲಸದಲ್ಲಿ ಮಾತ್ರ ಎಲ್ಲವೂ ಒಂದೇ ಬಗೆಯ ವ್ಯಾಪ್ತಿ ಆಗಿರಲಿ, 95 ಶೇಕಡಾದ್ದಾದರೆ ಉತ್ತಮ.

‘60ಕ್ಕಿಂತ ಮೇಲೆ’ ಎಂಬ ಹಂತ ಬಂದರೆ ಮೇಲಿನ ತುದಿಯನ್ನು 65ಕ್ಕೋ 70ಕ್ಕೋ ಕತ್ತರಿಸಬೇಡಿ, 100ರವರೆಗೆ ತೆರೆದಿಡಿ. ವಯಸ್ಸಾದವರ ವಯಸ್ಸನ್ನು ಕಡಿಮೆ ಹೇಳುವ ಚಾಳಿ ಈ ವಿಧಾನಗಳಿಗೆ ಮೊದಲೇ ಇದೆ. ನಾವೂ ಅದಕ್ಕೆ ಕೈಜೋಡಿಸುವುದು ಬೇಡ.

ಅಂಚು ಮೆತ್ತಗೆ ಬೇಕೆಂದರೆ: 57ಕ್ಕೆ ಪೂರ್ತಿ ಒಳಗೆ, 58ಕ್ಕೆ ಪೂರ್ತಿ ಹೊರಗೆ ಅನ್ನುವುದು ಮೂಳೆಯ ಸ್ವಭಾವಕ್ಕೆ ಒಗ್ಗುವುದಿಲ್ಲ. ನಾಲ್ಕನೇ ಹಂತದ ಗಂಡಸರ ಸರಾಸರಿ 35.2, ಡೀವಿಯೇಷನ್ 9.4. ಆದ್ದರಿಂದ 26ರಿಂದ 45ರವರೆಗೆ ಪೂರ್ತಿ 1 ಕೊಟ್ಟು, ಅಲ್ಲಿಂದ 23 ಮತ್ತು 57ರ ಕಡೆಗೆ ಇಳಿಜಾರು ಮಾಡಬಹುದು. ಆಗ 51ನೇ ವಯಸ್ಸಿಗೆ 0.5 ಬರುತ್ತದೆ. ಮೊದಲ ಸಲ ಮಾಡುವವರು ಇದನ್ನು ಬಿಟ್ಟು ನೇರ ಅಂಚಿನಲ್ಲೇ ಕಲಿಯಿರಿ.

## ಹಂತ 5: ಪ್ರತಿ ವಿಧಾನಕ್ಕೂ ತೂಕ

ಈ ವಿಧಾನವನ್ನು ಎಷ್ಟು ನಂಬಬಹುದು? ಅದಕ್ಕೆ 0 ಮತ್ತು 1ರ ನಡುವಿನ ಒಂದು ಸಂಖ್ಯೆ ಬೇಕು. ವಯಸ್ಸು ಗೊತ್ತಿರುವ ಅಸ್ಥಿಪಂಜರಗಳ ಮೇಲೆ ಆ ವಿಧಾನ ಹೇಳಿದ ವಯಸ್ಸಿಗೂ ನಿಜವಾದ ವಯಸ್ಸಿಗೂ ಇರುವ ಕೋರಿಲೇಷನ್ (ಎರಡೂ ಎಷ್ಟು ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ಅನ್ನೇ ತೂಕವಾಗಿ ಬಳಸುವುದು ರೂಢಿ. ನಮ್ಮ ಉದಾಹರಣೆಗೆ, ಬರೀ ಲೆಕ್ಕ ತೋರಿಸಲು, ಸಿಂಫಿಸಿಸ್ 0.6, ಆರಿಕ್ಯುಲರ್ 0.7, ಹೊಲಿಗೆ 0.4 ಎಂದಿಟ್ಟುಕೊಳ್ಳೋಣ.

ಕೋರಿಲೇಷನ್‌ನಲ್ಲಿ ಒಂದು ಗುಂಡಿ ಇದೆ. 20ರಿಂದ 90ರವರೆಗೆ ಎಲ್ಲ ವಯಸ್ಸಿನವರೂ ಇರುವ ಸಂಗ್ರಹದಲ್ಲಿ ಅಳೆದರೆ ಅದು ಜಾಸ್ತಿ ಬರುತ್ತದೆ. 40–60ರವರಷ್ಟೇ ಇದ್ದರೆ ಕಡಿಮೆ ಬರುತ್ತದೆ. ಒಂದು ವಿಧಾನದ ತೂಕ ಒಂದು ಸಂಗ್ರಹದಿಂದ, ಇನ್ನೊಂದರದ್ದು ಬೇರೆ ಸಂಗ್ರಹದಿಂದ ತಂದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ಎಲ್ಲ ತೂಕವೂ ಒಂದೇ ಸಂಗ್ರಹದ ಮೇಲೆ ಅಳೆದದ್ದಾಗಿರಲಿ.

ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಮಾತು ನೆನಪಿಡಬೇಕು. ಸೂಚಿ–ಬ್ರೂಕ್ಸ್ ಪಟ್ಟಿ ಲಾಸ್ ಏಂಜಲೀಸ್‌ನ ಶವಪರೀಕ್ಷೆಗಳಿಂದ ಬಂದದ್ದು: 739 ಗಂಡಸರು, 273 ಹೆಂಗಸರು. ಬಕ್‌ಬೆರಿ–ಚೇಂಬರ್‌ಲೇನ್ ಹಂತಗಳು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಸಮಾಧಿಗಳಿಂದ. ಅಲ್ಲಿ ಅಳೆದ ತೂಕ ಇಲ್ಲಿನ ಮೂಳೆಗೆ ಹಾಗೇ ಹೊಂದಬೇಕು ಅಂತೇನಿಲ್ಲ. ನಿಮ್ಮ ವಿಭಾಗದಲ್ಲಿ ವಯಸ್ಸು ಗೊತ್ತಿರುವ ಮೂಳೆಗಳಿದ್ದರೆ ಅವುಗಳ ಮೇಲೆ ನಿಮ್ಮದೇ ತೂಕ ಕಂಡುಕೊಳ್ಳಿ.

ಯಾವುದಕ್ಕೂ 1 ಕೊಡಬೇಡಿ. ಕೊಟ್ಟರೆ ಲ್ಯಾಂಬ್ಡಾ ಸರಿಯಾಗಿ −1ಕ್ಕೆ ಹೋಗಿ ನಿಲ್ಲುತ್ತದೆ, ಲೆಕ್ಕ ಕೆಡುತ್ತದೆ.

## ಹಂತ 6: ಲ್ಯಾಂಬ್ಡಾ ಕಂಡುಹಿಡಿಯುವುದು

ಎರಡು ವಿಧಾನ ಒಟ್ಟಿಗೆ ಒಪ್ಪಿದರೆ ಅವುಗಳ ಒಟ್ಟು ತೂಕ ಎಷ್ಟು? 0.6 ಮತ್ತು 0.7 ಕೂಡಿಸಿದರೆ 1.3 ಆಗುತ್ತದೆ, 1 ದಾಟುವಂತಿಲ್ಲ. ಈ ಮೀರಿಕೆಯನ್ನು ತಗ್ಗಿಸುವ ಸಂಖ್ಯೆಯೇ ಲ್ಯಾಂಬ್ಡಾ.

ನಿಯಮ ಹೀಗಿದೆ: ಪ್ರತಿ ತೂಕವನ್ನು ಲ್ಯಾಂಬ್ಡಾದಿಂದ ಗುಣಿಸಿ 1 ಕೂಡಿಸಿ, ಹೀಗೆ ಬಂದ ಎಲ್ಲವನ್ನೂ ಒಂದಕ್ಕೊಂದು ಗುಣಿಸಿ, ಉತ್ತರ 1 + ಲ್ಯಾಂಬ್ಡಾಗೆ ಸಮ ಆಗಬೇಕು. ನಮ್ಮ ಮೂರು ತೂಕಕ್ಕೆ ಬಿಡಿಸಿದರೆ ಉಳಿಯುವ ಸಮೀಕರಣ:

0.168 × ಲ್ಯಾಂಬ್ಡಾ² + 0.94 × ಲ್ಯಾಂಬ್ಡಾ + 0.7 = 0

ಇದಕ್ಕೆ ಎರಡು ಉತ್ತರ: ಸುಮಾರು −0.88 ಮತ್ತು −4.71. ಲ್ಯಾಂಬ್ಡಾ −1ಕ್ಕಿಂತ ದೊಡ್ಡದಿರಬೇಕು. ಹಾಗಾಗಿ −0.88 ಸರಿ.

ಇಲ್ಲಿನ ದೊಡ್ಡ ಬಲೆ ಸೊನ್ನೆ. ಮೂಲ ಸಮೀಕರಣಕ್ಕೆ ಲ್ಯಾಂಬ್ಡಾ = 0 ಯಾವಾಗಲೂ ಒಂದು ಉತ್ತರ. ಎಕ್ಸೆಲ್‌ನ ಗೋಲ್ ಸೀಕ್‌ಗೆ ಖಾಲಿ ಸೆಲ್ ಕೊಟ್ಟರೆ ಅದು ನೇರ ಸೊನ್ನೆಗೇ ಹೋಗಿ ‘ಸಿಕ್ಕಿತು’ ಅನ್ನುತ್ತದೆ. ಅದನ್ನೇ ನಂಬಿ ಮುಂದೆ ಹೋದರೆ ಗುಂಪಿನ ತೂಕ 1.7 ಎಂದು ಬರುತ್ತದೆ. ತಪ್ಪಿಸಲು, ಉತ್ತರ ಎಲ್ಲಿರಬೇಕೆಂದು ಮೊದಲೇ ತಿಳಿದಿರಿ. ತೂಕಗಳ ಮೊತ್ತ 1ಕ್ಕಿಂತ ಹೆಚ್ಚಿದ್ದರೆ ಲ್ಯಾಂಬ್ಡಾ −1 ಮತ್ತು 0ಯ ನಡುವೆ. ಮೊತ್ತ 1ಕ್ಕಿಂತ ಕಡಿಮೆ ಇದ್ದರೆ ಸೊನ್ನೆಗಿಂತ ಹೆಚ್ಚು. ಮೊತ್ತ ಸರಿಯಾಗಿ 1 ಆದರೆ ಮಾತ್ರ ಸೊನ್ನೆ. ಪೈಥಾನ್‌ನಲ್ಲಿ −0.9999 ಮತ್ತು −0.0001ರ ನಡುವೆ ಬೈಸೆಕ್ಷನ್ (ವ್ಯಾಪ್ತಿಯನ್ನು ಮತ್ತೆ ಮತ್ತೆ ಅರ್ಧ ಮಾಡಿ ಉತ್ತರ ಹುಡುಕುವುದು) ಹಾಕಿದರೆ ನಮ್ಮ ಉದಾಹರಣೆಯ ಉತ್ತರ ಸಿಗುತ್ತದೆ.

ಈಗ ಜೋಡಿಗಳ ತೂಕ: ಎರಡು ತೂಕದ ಮೊತ್ತಕ್ಕೆ, ಲ್ಯಾಂಬ್ಡಾ ಗುಣಿಸು ಅವೆರಡರ ಗುಣಲಬ್ಧ ಕೂಡಿಸಿ. ಸಿಂಫಿಸಿಸ್ + ಆರಿಕ್ಯುಲರ್ 0.93. ಸಿಂಫಿಸಿಸ್ + ಹೊಲಿಗೆ 0.79. ಆರಿಕ್ಯುಲರ್ + ಹೊಲಿಗೆ 0.85. ಮೂರೂ ಸೇರಿದರೆ 1 ಬರಲೇಬೇಕು. ಬರದಿದ್ದರೆ ಮುಂದೆ ಹೋಗಬೇಡಿ, ಲ್ಯಾಂಬ್ಡಾ ತಪ್ಪಿದೆ.

ಯಾವುದಾದರೂ ಮೂಳೆ ಸಿಕ್ಕೇ ಇಲ್ಲದಿದ್ದರೆ ಅದಕ್ಕೆ 0 ತುಂಬಿ ಲೆಕ್ಕ ಮಾಡಬೇಡಿ. 0 ಎಂದರೆ ‘ಈ ವಯಸ್ಸು ಅಲ್ಲ’ ಎಂದು ಆ ವಿಧಾನ ಹೇಳಿದ ಹಾಗೆ ಆಗುತ್ತದೆ. ಮೂಳೆ ಇಲ್ಲ ಎನ್ನುವುದು ಬೇರೆ ಮಾತು. ಆ ವಿಧಾನವನ್ನೇ ತೆಗೆದು, ಉಳಿದವಕ್ಕೆ ಹೊಸದಾಗಿ ಲ್ಯಾಂಬ್ಡಾ ಕಂಡುಹಿಡಿಯಿರಿ. ಹೊಲಿಗೆ ಬಿಟ್ಟರೆ ನಮ್ಮ ಉದಾಹರಣೆಯಲ್ಲಿ ಅದು −0.71 ಆಗುತ್ತದೆ.

## ಹಂತ 7: ಒಂದೊಂದು ವಯಸ್ಸಿಗೂ ಲೆಕ್ಕ

ಎಕ್ಸೆಲ್‌ನಲ್ಲಿ 15ರಿಂದ 100ರವರೆಗೆ ವಯಸ್ಸಿಗೊಂದು ಸಾಲು ಮಾಡಿ. ಪ್ರತಿ ವಿಧಾನಕ್ಕೂ ಒಂದು ಕಾಲಂ. ಆ ವಯಸ್ಸು ವಿಧಾನದ ವ್ಯಾಪ್ತಿಯೊಳಗೆ ಇದ್ದರೆ ಹಂತ 2ರ ಸ್ಥಿತಿ ಅಂಕ ಬರೆಯಿರಿ, ಹೊರಗಿದ್ದರೆ 0. ಇಳಿಜಾರು ಅಂಚು ಬಳಸಿದ್ದರೆ ಇಳಿಜಾರಿನ ಬೆಲೆ ಮತ್ತು ಸ್ಥಿತಿ ಅಂಕ, ಎರಡರಲ್ಲಿ ಚಿಕ್ಕದು.

ಪುಸ್ತಕಗಳು ಇಲ್ಲಿಂದ ಮುಂದೆ ಬೆಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು ಹೇಳುತ್ತವೆ. ಎಕ್ಸೆಲ್‌ನಲ್ಲಿ ಅದು ತಲೆನೋವು. ಅದೇ ಉತ್ತರ ಕೊಡುವ ಸುಲಭ ದಾರಿ ಇದೆ. ವಿಧಾನಗಳ ಎಲ್ಲ ಗುಂಪುಗಳನ್ನೂ ಬರೆದುಕೊಳ್ಳಿ. ಮೂರು ವಿಧಾನಕ್ಕೆ 7 ಗುಂಪು, ನಾಲ್ಕಕ್ಕೆ 15, ಐದಕ್ಕೆ 31. ಪ್ರತಿ ಗುಂಪಿನಲ್ಲಿ ಅತಿ ಚಿಕ್ಕ ಬೆಲೆ ಯಾವುದು ನೋಡಿ. ಅದು ಮತ್ತು ಆ ಗುಂಪಿನ ತೂಕ, ಎರಡರಲ್ಲಿ ಚಿಕ್ಕದನ್ನು ತೆಗೆದುಕೊಳ್ಳಿ. ಕೊನೆಗೆ ಎಲ್ಲ ಗುಂಪುಗಳ ಉತ್ತರದಲ್ಲಿ ದೊಡ್ಡದನ್ನು ಆರಿಸಿ. ಬರೀ ಮಿನ್ ಮತ್ತು ಮ್ಯಾಕ್ಸ್ ಫಂಕ್ಷನ್ ಸಾಕು.

ಸ್ಥಿತಿ ಅಂಕ ಸಿಂಫಿಸಿಸ್ 0.8, ಆರಿಕ್ಯುಲರ್ 0.9, ಹೊಲಿಗೆ 1.0 ಎಂದಿರಲಿ. 42ನೇ ವಯಸ್ಸಿನ ಸಾಲು ನೋಡೋಣ. ಒಂಟಿಯಾಗಿ ಸಿಂಫಿಸಿಸ್ 0.6, ಆರಿಕ್ಯುಲರ್ 0.7, ಹೊಲಿಗೆ 0.4 ದಾಟುವುದಿಲ್ಲ. ಆರಿಕ್ಯುಲರ್ + ಹೊಲಿಗೆ: ಚಿಕ್ಕ ಬೆಲೆ 0.9, ತೂಕ 0.85, ಉತ್ತರ 0.85. ಸಿಂಫಿಸಿಸ್ + ಹೊಲಿಗೆ 0.79. ಸಿಂಫಿಸಿಸ್ + ಆರಿಕ್ಯುಲರ್ 0.8. ಮೂರೂ ಸೇರಿ 0.8. ಇವುಗಳಲ್ಲಿ ದೊಡ್ಡದು 0.85.

35ಕ್ಕೆ ಆರಿಕ್ಯುಲರ್ ಹೊರಗೆ, ಉತ್ತರ 0.79. 27ಕ್ಕೆ ಸಿಂಫಿಸಿಸ್ ಒಂದೇ, ಉತ್ತರ 0.6. 60ಕ್ಕೆ ಯಾರೂ ಇಲ್ಲ, 0. ಹೀಗೆ ಪೂರ್ತಿ ಚಿತ್ರ: 23–30ಕ್ಕೆ 0.6, 31–39ಕ್ಕೆ 0.79, 40–44ಕ್ಕೆ 0.85, 45–51ಕ್ಕೆ ಮತ್ತೆ 0.79, 52–57ಕ್ಕೆ 0.6. ನಿಮ್ಮ ಹಾಳೆ ಸರಿಯಾಗಿದೆಯಾ ಎಂದು ನೋಡಲು ಈ ಅಂಕಿಗಳನ್ನೇ ಹಾಕಿ ಪರೀಕ್ಷಿಸಿ.

## ಹಂತ 8: ಗ್ರಾಫ್ ಓದುವುದು, ಎಚ್ಚರಿಕೆಯ ಗುರುತು

ಮೊದಲನೆಯ ಮಾತು: 0.85 ಎಂದರೆ ನೂರಕ್ಕೆ 85 ಸಾಧ್ಯತೆ ಅಲ್ಲ. ಆ ವಯಸ್ಸಿಗೆ ಸಾಕ್ಷ್ಯಗಳು ಎಷ್ಟು ಹೊಂದುತ್ತವೆ ಎಂಬ ಅಳತೆ ಅಷ್ಟೇ. ಎಲ್ಲ ವಯಸ್ಸಿನ ಬೆಲೆ ಕೂಡಿದರೆ 1 ಆಗುವುದೂ ಇಲ್ಲ.

ಕಿರಿದಾದ, ಚೂಪಾದ ಶಿಖರ. ಸಂತೋಷಪಡುವ ಮೊದಲು ಅನುಮಾನಪಡಿ. ನಮ್ಮ 40–44ರ ಶಿಖರ ಎಲ್ಲಿಂದ ಬಂತು? ಲವ್‌ಜಾಯ್ ಪಟ್ಟಿಯ ಐದು ವರ್ಷದ ಗೂಡಿನಿಂದ. ಅದೇ ಮೂಳೆಯನ್ನು ಬಕ್‌ಬೆರಿ–ಚೇಂಬರ್‌ಲೇನ್ ಮೂರನೇ ಹಂತ ಎಂದು ಗುರುತಿಸಿದರೆ ವ್ಯಾಪ್ತಿ 16–65. ತೂಕ, ಸ್ಥಿತಿ ಅಂಕ ಹಾಗೇ ಇಟ್ಟು ಮತ್ತೆ ಲೆಕ್ಕ ಮಾಡಿ: 0.85ರ ಶಿಖರ 31ರಿಂದ 51ರವರೆಗೆ ಹರಡುತ್ತದೆ. ಮೂಳೆ ಬದಲಾಗಲಿಲ್ಲ, ಪಟ್ಟಿ ಬದಲಾಯಿತು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಪ್ರಾಮಾಣಿಕ ಉತ್ತರ.

ಶಿಖರವೇ ಇಲ್ಲದ ಚಪ್ಪಟೆ ಗ್ರಾಫ್. ಆರಿಕ್ಯುಲರ್ ಮೈ ಸವೆದು ಅಂಕ 0.4 ಆಗಿದ್ದರೆ 40–44 ಕೂಡ 0.79ಕ್ಕೇ ನಿಲ್ಲುತ್ತದೆ. 31ರಿಂದ 51ರವರೆಗೆ ಒಂದೇ ಮಟ್ಟ. ಇದು ದೋಷವಲ್ಲ. ಹಾಳಾದ ಮೂಳೆ ಕೊಟ್ಟ ಕಿರಿದಾದ ವ್ಯಾಪ್ತಿಯನ್ನು ಲೆಕ್ಕ ನಂಬಲಿಲ್ಲ, ಅಷ್ಟೇ.

ಎರಡು ಗುಡ್ಡ, ನಡುವೆ ಕಣಿವೆ. ಎರಡು ವಿಧಾನಗಳ ವ್ಯಾಪ್ತಿ ಒಂದನ್ನೊಂದು ಮುಟ್ಟುತ್ತಲೇ ಇಲ್ಲ ಎಂದರ್ಥ. ನಡುವಿನ ವಯಸ್ಸನ್ನು ಉತ್ತರ ಎಂದು ಬರೆಯುವುದು ಇಲ್ಲಿ ಅತಿ ಕೆಟ್ಟ ತಪ್ಪು, ಏಕೆಂದರೆ ಆ ವಯಸ್ಸನ್ನು ಯಾವ ಮೂಳೆಯೂ ಹೇಳಿಲ್ಲ. ಹಂತ 1ಕ್ಕೆ ವಾಪಸ್ ಹೋಗಿ. ಮೂಳೆ ಬೆರೆತಿದೆಯಾ, ಗಂಡು–ಹೆಣ್ಣು ಪಟ್ಟಿ ತಪ್ಪಿದೆಯಾ, ಕೀಲಿನ ಕಾಯಿಲೆಯೋ ಹಳೆಯ ಪೆಟ್ಟೋ ಇತ್ತಾ ನೋಡಿ. ಏನೂ ಸಿಗದಿದ್ದರೆ ಎರಡೂ ಗುಡ್ಡಗಳನ್ನು ವರದಿಯಲ್ಲಿ ಬರೆಯಿರಿ.

ಎಲ್ಲ ಕಡೆ 0.4ಕ್ಕಿಂತ ಕೆಳಗೆ. ಮೂಳೆಯ ಸ್ಥಿತಿಯೋ ವಿಧಾನಗಳ ತೂಕವೋ ತೀರಾ ಕಡಿಮೆ. ‘ವಯಸ್ಕ’ ಎಂದಷ್ಟೇ ಬರೆದು ನಿಲ್ಲಿಸುವುದು ಮೇಲು.

ಒಂದು ಕೊನೇ ಪರೀಕ್ಷೆ ಮಾಡಿ. ಒಂದೊಂದೇ ವಿಧಾನವನ್ನು ತೆಗೆದು, ಪ್ರತಿ ಸಲ ಹೊಸ ಲ್ಯಾಂಬ್ಡಾ ಹಾಕಿ ಗ್ರಾಫ್ ನೋಡಿ. ಒಂದನ್ನು ತೆಗೆದ ತಕ್ಷಣ ಇಡೀ ಶಿಖರ ಜಾಗ ಬದಲಿಸಿದರೆ, ಉತ್ತರ ಆ ಒಂದೇ ವಿಧಾನದ ಮೇಲೆ ನಿಂತಿದೆ.

## ಹಂತ 9: ವರದಿ ಬರೆಯುವುದು

ಗ್ರಾಫ್ ಅನ್ನೇ ವರದಿಗೆ ಲಗತ್ತಿಸಿ. ಮಾತಿನಲ್ಲಿ ಹೇಳುವಾಗ ಮಟ್ಟಗಳನ್ನು ಬೇರೆ ಬೇರೆಯಾಗಿ ಬರೆಯಿರಿ: ‘ಅತಿ ಹೆಚ್ಚು ಹೊಂದಿಕೆ 40–44, ಅದಕ್ಕೆ ಸಮೀಪದ ಹೊಂದಿಕೆ 31–51, ಸಾಕ್ಷ್ಯ ಪೂರ್ತಿ ತಳ್ಳಿಹಾಕದ ವ್ಯಾಪ್ತಿ 23–57.’ ಯಾವ ಬೆಲೆಗೆ ಯಾವ ಪದ ಎಂಬುದನ್ನು ಮೂಳೆ ನೋಡುವ ಮೊದಲೇ ನಿಗದಿ ಮಾಡಿಕೊಂಡಿರಿ.

ಪೊಲೀಸರೋ ಮೇಲಿನವರೋ ‘ಒಂದೇ ನಂಬರ್ ಹೇಳಿ ಸಾರ್’ ಅನ್ನುತ್ತಾರೆ. ಹೇಳಲೇಬೇಕಾದರೆ ಶಿಖರದ ನಡುವಿನ ವಯಸ್ಸು ಕೊಡಿ, ಆದರೆ ಅದೇ ವಾಕ್ಯದಲ್ಲಿ ಪೂರ್ತಿ ವ್ಯಾಪ್ತಿಯೂ ಇರಲಿ. ಕಾಣೆಯಾದವರ ಪಟ್ಟಿಯನ್ನು 42 ಎಂದು ಹುಡುಕಿದರೆ, 55ರ ವ್ಯಕ್ತಿಯ ಫೈಲ್ ಯಾರೂ ತೆರೆಯುವುದಿಲ್ಲ.

ಜೊತೆಗೆ ಇವನ್ನೂ ಬರೆದಿಡಿ: ಬಳಸಿದ ಪಟ್ಟಿ ಯಾವುದು, ಯಾವ ಕಡೆಯ ಮೂಳೆ, ಸ್ಥಿತಿ ಅಂಕ, ತೂಕ ಮತ್ತು ಅದನ್ನು ಅಳೆದ ಸಂಗ್ರಹ, ಲ್ಯಾಂಬ್ಡಾ ಬೆಲೆ. ಕೋರ್ಟಿನಲ್ಲಿ ಯಾರಾದರೂ ಲೆಕ್ಕ ಪ್ರಶ್ನಿಸಿದರೆ, ಇಷ್ಟಿದ್ದರೆ ಇನ್ನೊಬ್ಬರು ಕೂತು ಅದೇ ಗ್ರಾಫ್ ಮತ್ತೆ ತೆಗೆದು ತೋರಿಸಬಹುದು.